ಅರವತ್ತಮೂರು ಚಮಚ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಒಮ್ಮೆ ನಗು ಹತ್ತಿಕೊಂಡರೆ ಅದನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಅವಳ ಕೈಯಲ್ಲಂತೂ ಮೊದಲೇ ಇಲ್ಲ. ಮೊದಲು ಭುಜಗಳೆರಡೂ ಕುಣಿಯುತ್ತಿದ್ದವು. ಆಮೇಲೆ ಮೂಗಿನ ತುದಿ ಕೆಂಪಾಗುತ್ತಿತ್ತು. ಕೊನೆಗೆ ಕೈಗೆ ಸಿಕ್ಕ ಕಂಬವನ್ನೋ ಕುರ್ಚಿಯನ್ನೋ ಹಿಡಿದುಕೊಂಡು ನಿಧಾನಕ್ಕೆ ನೆಲಕ್ಕಿಳಿದು ಕೂತುಬಿಡುತ್ತಿದ್ದಳು. ಹೀಗೆ ಅವಳು ಮೊದಲ ಸಲ ನೆಲ ಹಿಡಿದದ್ದು ಶಾಲೆಯಲ್ಲಿ, ಗಣಿತದ ಪಾಠ ನಡೆಯುತ್ತಿದ್ದಾಗ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದ ಕಾಲ ಅದು. ಅಪ್ಪ ಹಿಂದಿನ ಬೆಂಚಿನಲ್ಲಿದ್ದು ಎಲ್ಲವನ್ನೂ ಕಣ್ಣಾರೆ ಕಂಡವರು.

ಗಣಿತದ ಮೇಷ್ಟ್ರು ಕರಿಹಲಗೆಯ ಮೇಲೆ ಅರ್ಧವನ್ನು ಅರ್ಧದಿಂದ ಗುಣಿಸಿ ಕಾಲು ಎಂದು ಬರೆದರು. ಅತ್ತೆ ಎದ್ದು ನಿಂತಳು.

"ಸಾರ್, ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ?"

"ಇಲ್ಲಿ ಕಮ್ಮಿ ಆಗುತ್ತಮ್ಮ."

"ಎರಡು ಅರ್ಧ ಸೇರ್ಕೊಂಡು ಸಂಸಾರ ಮಾಡಿ ಕೊನೆಗೆ ಕಾಲು ಆಗೋಗ್ತಾವಾ?"

ಮೇಷ್ಟ್ರು ಒಳ್ಳೆಯವರು, ಸಿಟ್ಟಾಗಲಿಲ್ಲ. "ಗುಣಾಕಾರದ ಗುರುತು ಇದ್ದ ಕಡೆ 'ರಲ್ಲಿ' ಅಂತ ಓದ್ಕೊ. ಅರ್ಧದಲ್ಲಿ ಅರ್ಧ. ನೋಡು" ಎನ್ನುತ್ತ ಒಂದು ಸೀಮೆಸುಣ್ಣವನ್ನು ಎರಡಾಗಿ ಮುರಿದರು. ಕೈಯಲ್ಲುಳಿದ ಅರ್ಧವನ್ನು ಮತ್ತೆ ಎರಡಾಗಿ ಮುರಿದಾಗ ಒಂದು ಚೂರು ಟಪ್ಪನೆ ಹಾರಿ, ಮೇಜಿನ ಮೇಲಿದ್ದ ಅವರ ಚಹದ ಲೋಟಕ್ಕೆ ಬಿತ್ತು. ಅವರು ಲೋಟದೊಳಗೆ ಇಣುಕಿ ನೋಡಿ, ಗಂಭೀರವಾಗಿಯೇ, "ಇದು ಕಾಲು" ಎಂದರು.

ಅಲ್ಲಿಗೆ ಮುಗಿಯಿತು. ಅತ್ತೆಯ ಭುಜ ಕುಣಿದವು, ಮೂಗು ಕೆಂಪಾಯಿತು, ಬೆಂಚಿನ ಕೆಳಗೆ ಹೋಗಿಬಿಟ್ಟಳು. ಹೊರಗೆ ಕಳಿಸಿದರೆ ಹೊರಗೂ ನಕ್ಕಳು. ಆದರೆ ಆ 'ರಲ್ಲಿ' ಮಾತ್ರ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಅರ್ಧದಲ್ಲಿ ಅರ್ಧ ಕಾಲು, ಮುಕ್ಕಾಲಿನಲ್ಲಿ ಅರ್ಧ ಎಂಟನೇ ಮೂರು ಎಂದು ಮನೆಯಲ್ಲಿ ರೊಟ್ಟಿ ಹರಿಯುವಾಗೆಲ್ಲ ಹೇಳುತ್ತಿದ್ದಳಂತೆ, ತನ್ನ ಪಾಲು ಮಾತ್ರ ಎಂದೂ ಕಮ್ಮಿಯಾಗದ ಹಾಗೆ.

ಅವಳ ಅಡ್ಡಹೆಸರು ಮುಕ್ಕಾಲು. ಎತ್ತರ ಅಷ್ಟೇ ಇದ್ದದ್ದು. ಗೋಡೆಗೆ ಆನಿಸಿ ಮಕ್ಕಳ ಎತ್ತರ ಗುರುತು ಹಾಕುವಾಗ, "ದೊಡ್ಡೋನು ಒಂದಾದ್ರೆ ಇವಳು ಮುಕ್ಕಾಲು" ಎಂದು ನನ್ನ ಅಜ್ಜಿ ಅಂದದ್ದೇ ನೆಪ, ಬೀದಿಗೆಲ್ಲ ಅದೇ ಹೆಸರಾಯಿತು. ಅತ್ತೆಗೆ ಬೇಜಾರೇನಿರಲಿಲ್ಲ. "ಮಿಕ್ಕಿದ ಕಾಲು ಭಾಗ ನಗೋದಕ್ಕೆ ಖರ್ಚಾಯ್ತು" ಎನ್ನುತ್ತಿದ್ದಳು.

ಶಾಲೆ ಮುಗಿದ ಮೇಲೆ ಬಸ್ ನಿಲ್ದಾಣದ ಹಿಂದಿನ ಬೇಕರಿಗೆ ಕೆಲಸಕ್ಕೆ ಸೇರಿದಳು. ಉದ್ದನೆಯ ಒಂದು ಕೋಣೆ; ಒಂದು ತುದಿಗೆ ಕಬ್ಬಿಣದ ಬಾಗಿಲಿನ ಇಟ್ಟಿಗೆ ಒಲೆ, ಇನ್ನೊಂದು ತುದಿಗೆ ಬೀದಿಗೆ ತೆರೆದ ಕಿಟಕಿ, ನಡುವೆ ಹಿಟ್ಟು ಕಲಸುವ ಮರದ ತೊಟ್ಟಿಗಳು. ಗಾಳಿಯಲ್ಲಿ ಯಾವಾಗಲೂ ಮೈದಾ ತೇಲುತ್ತಿದ್ದುದರಿಂದ ಅಲ್ಲಿ ಎಲ್ಲರ ಹುಬ್ಬೂ ವಯಸ್ಸಿಗೆ ಮುಂಚೆಯೇ ನರೆತಿದ್ದವು. ಮೊದಲು ಟ್ರೇ ತೊಳೆಯುತ್ತಿದ್ದ ಅತ್ತೆ ಆಮೇಲೆ ಹಿಟ್ಟು ಕಲಸುವ ಕೆಲಸಕ್ಕೆ ಬಂದಳು. ತೊಟ್ಟಿ ಎತ್ತರ, ಇವಳು ಗಿಡ್ಡ. ಒಂದು ಮರದ ಪೆಟ್ಟಿಗೆಯ ಮೇಲೆ ನಿಂತು, ಮೊಣಕೈವರೆಗೂ ಹಿಟ್ಟಿನಲ್ಲಿ ಮುಳುಗಿ, ಹಾಡಿಕೊಂಡು ಕಲಸುತ್ತಿದ್ದಳು.

ಒಂದು ತೊಟ್ಟಿ ಬನ್ನಿಗೆ ಎಷ್ಟೆಷ್ಟು ಏನೇನು ಎಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ದಿನವೂ ಸರಿಯಾಗಿ ಒಂದು ತೊಟ್ಟಿಯೇ ಬೇಕಾಗುವುದಿಲ್ಲವಲ್ಲ. ಮಳೆ ಬಂದರೆ ಮುಕ್ಕಾಲು, ವಾರದ ಕೊನೆಗೆ ಒಂದೂವರೆ, ಪರೀಕ್ಷೆ ಮುಗಿದ ದಿನ ಎರಡೂವರೆ. ಅತ್ತೆಯ ಲೆಕ್ಕ ಸೀದಾ ಇತ್ತು. ಎರಡೂವರೆ ಪಟ್ಟು ಬೇಕೆಂದರೆ ಎರಡು ಸಲ ಪೂರ್ತಿ ಅಳೆದು ಹಾಕುವುದು, ಆಮೇಲೆ ಅದರಲ್ಲಿ ಅರ್ಧ ಹಾಕುವುದು. ಗುಣಾಕಾರದ ಗೊಡವೆಯೇ ಇಲ್ಲ. ಬನ್ನು ಚೆನ್ನಾಗಿಯೇ ಬರುತ್ತಿದ್ದವು.

ಅವಳು ಪೆಟ್ಟಿಗೆಯಿಂದ ಜಾರಿ ತೊಟ್ಟಿಯೊಳಗೆ ತಲೆಕೆಳಗಾದ ಒಂದು ದಿನ, ಬೇಕರಿಯ ಯಜಮಾನರು ಅವಳ ಎತ್ತರಕ್ಕೆ ತಕ್ಕಂತೆ ಒಂದು ಮೇಜು ಮಾಡಿಸಬೇಕೆಂದು ತೀರ್ಮಾನಿಸಿ ಬಡಗಿಯನ್ನು ಕರೆಸಿದರು.

ಬಡಗಿ ಬಂದ ಅನ್ನುವುದಕ್ಕಿಂತ ಬಗ್ಗಿದ ಅನ್ನಬೇಕು. ಅಷ್ಟು ಉದ್ದ ಆಳು. ಬಾಗಿಲಲ್ಲಿ ಬಗ್ಗಿದ, ದೀಪದ ಕೆಳಗೆ ಬಗ್ಗಿದ, ಅತ್ತೆಯ ಜೊತೆ ಮಾತಾಡಲು ಇನ್ನೂ ಬಗ್ಗಿದ. ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಜೇಬೆಲ್ಲ ತಡಕುತ್ತಿದ್ದ. ಯಜಮಾನರು ನೋಡಿದವರೇ, "ಇವಳು ಮುಕ್ಕಾಲಾದ್ರೆ ನೀನು ಒಂದೂಕಾಲು ಬಿಡಪ್ಪ" ಎಂದರು. ಅವನಿಗೂ ಆ ಹೆಸರು ಅಂಟಿಕೊಂಡಿತು.

ಮೇಜು ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಉದ್ದ. ಹಿಟ್ಟು ಅಂಟದ ಹಾಗೆ ಮೇಲೆ ಟೈಲ್ಸ್ ಕೂರಿಸಬೇಕು. ಟೈಲ್ಸು ಅಡಿಗೆ ಅಡಿ ಚೌಕ.

"ಎಷ್ಟು ಟೈಲ್ಸ್ ತರ್ಲಿ?" ಎಂದ ಬಡಗಿ, ಪೆನ್ಸಿಲ್ ಹುಡುಕುತ್ತ.

ಅತ್ತೆಗೆ ಮೇಷ್ಟ್ರ 'ರಲ್ಲಿ' ನೆನಪಾಗಿ ಹುಮ್ಮಸ್ಸು ಬಂತು. "ಅದಕ್ಯಾಕೆ ಪೆನ್ಸಿಲ್? ಎರಡು ಮೂರ್ಲಿ ಆರು. ಅರ್ಧದಲ್ಲಿ ಅರ್ಧ ಕಾಲು. ಆರೂಕಾಲು ತನ್ನಿ."

ಎರಡು ಕಣ್ಣುಗಳು ಅಷ್ಟು ಹೊಳೆಯುತ್ತ ಹೇಳಿದ ಮೇಲೆ ಅದನ್ನು ತಿರುಗಿ ಲೆಕ್ಕ ಹಾಕುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಬಡಗಿ ಆರು ಟೈಲ್ಸ್ ತಂದ. ಏಳನೆಯದನ್ನು ನಾಲ್ಕು ಮಾಡಿ, ಅದರಲ್ಲೊಂದರ ಅಂಚನ್ನು ಉಜ್ಜಿ ನುಣುಪು ಮಾಡಿ, ಕರವಸ್ತ್ರದಲ್ಲಿ ಸುತ್ತಿ ತಂದ.

ಆರನ್ನೂ ಜೋಡಿಸಿದ. ಉದ್ದಕ್ಕೆ ಮೂರು, ಅಗಲಕ್ಕೆ ಎರಡು, ಅಂದವಾಗಿ ಕೂತವು. ಕೂತ ಮೇಲೆ ನೋಡಿದರೆ ಉದ್ದದ ಅಂಚಿನಲ್ಲಿ ಅರ್ಧ ಅಡಿ ಮರ ಬರಿದು, ಅಗಲದ ಅಂಚಿನಲ್ಲೂ ಅರ್ಧ ಅಡಿ ಬರಿದು. ಕೈಯಲ್ಲಿ ಉಳಿದದ್ದು ಆ ಕಾಲು ಚೂರು. ಅದನ್ನು ಎಲ್ಲಿಡುವುದೆಂದು ತಿಳಿಯದೆ, ಎರಡೂ ಅಂಚು ಸೇರುವ ಮೂಲೆಯಲ್ಲಿಟ್ಟ. ಅಲ್ಲಿ ಅದು ಸರಿಯಾಗಿ ಕೂತಿತು. ಕೂತಿತು ಅಂದರೆ, ಮಾವನ ಮನೆಯಲ್ಲಿ ಮುನಿಸಿಕೊಂಡು ಯಾರ ಹತ್ತಿರವೂ ಸೇರದೆ ಮೂಲೆ ಹಿಡಿದ ಅಳಿಯನ ಹಾಗೆ, ಒಂಟಿಯಾಗಿ.

ಬಡಗಿ ಒಂದು ಟೈಲ್ಸನ್ನು ಎತ್ತಿ ಗೇಣು ಹಾಕಿ ನೋಡಿದ.

"ಟೈಲ್ಸ್ ಕುಗ್ಗಿದ್ಯಾ?" ಎಂದ ಬಡಗಿ.

ಅತ್ತೆಯ ಭುಜ ಕುಣಿಯತೊಡಗಿದವು. ಬಡಗಿ ಅದನ್ನು ಅಳು ಎಂದುಕೊಂಡು ಗಾಬರಿಯಾಗಿ ಕರವಸ್ತ್ರ ಚಾಚಿದ. ಅದರಲ್ಲಿದ್ದ ಟೈಲ್ಸಿನ ಪುಡಿ ಅವಳ ಮೂಗಿಗೆ ಹೋಗಿ ಸೀನು ಬಂತು. ಸೀನು, ನಗು, ಸೀನು. ಆಗ ಅವನಿಗೂ ಹತ್ತಿಕೊಂಡಿತು. ಅಷ್ಟು ಎತ್ತರದ ಮನುಷ್ಯ ನಕ್ಕರೆ ನಗು ಕೆಳಗಿಳಿದು ಬರಲು ಸ್ವಲ್ಪ ಸಮಯ ಬೇಕಾಗುತ್ತದೆ. ಬಂದಾಗ ಮಾತ್ರ ಕಿಟಕಿಯ ಗಾಜು ಅದುರಿತು.

ಉಸಿರು ತಿರುಗಿದ ಮೇಲೆ ಇಬ್ಬರೂ ಮೇಜಿಗೆ ತಲೆ ಹಚ್ಚಿ ಕೂತರು. ಅತ್ತೆ ಬರಿದಾದ ಅಂಚಿನ ಮೇಲೆ ಬೆರಳಾಡಿಸಿದಳು.

"ಈ ಕಡೆ ಮೂರು ಅಡಿ ಉದ್ದಕ್ಕೆ ಅರ್ಧ ಅಗಲ. ಮೂರರಲ್ಲಿ ಅರ್ಧ ಸೇರ್ಸಿಲ್ಲ ನಾನು."

"ಈ ಕಡೆ ಎರಡರಲ್ಲಿ ಅರ್ಧ" ಎಂದ ಬಡಗಿ. "ಅದೂ ಬಿಟ್ಟೋಗಿದೆ."

"ಅಂದ್ರೆ ದೊಡ್ಡೋರು ದೊಡ್ಡೋರ ಜೊತೆ ಮಾತಾಡಿದ್ರು, ಚಿಕ್ಕೋರು ಚಿಕ್ಕೋರ ಜೊತೆ ಮಾತಾಡಿದ್ರು. ಅವರು ಇವರನ್ನ ಮಾತಾಡಿಸ್ಲೇ ಇಲ್ಲ!"

ಒಂದೂವರೆ ಟೈಲ್ಸ್ ಒಂದು ಕಡೆ, ಒಂದು ಟೈಲ್ಸ್ ಇನ್ನೊಂದು ಕಡೆ. ಮೊದಲಿನ ಆರೂಕಾಲಿಗೆ ಎರಡೂವರೆ ಸೇರಿ ಎಂಟೂಮುಕ್ಕಾಲು. ಮರುದಿನ ಬಡಗಿ ಅದನ್ನು ತಂದು ಕೂರಿಸಿದ. ಅದರ ಮರುದಿನ ಮೇಜಿನ ಕಾಲು ಅಲುಗಾಡುತ್ತಿದೆಯೇ ನೋಡಲು ಬಂದ. ಅದರ ಮರುದಿನವೂ ಬಂದ. ಮೇಜು ಬಂಡೆಯ ಹಾಗೆ ನಿಂತಿತ್ತು, ಅಲುಗಾಡುತ್ತಿದ್ದವನು ಅವನೇ.

ಹೀಗೆ ಬಂದು ಹೋಗುವಾಗಲೇ ಅವನು ಅವಳಿಗೆ ತನ್ನ ಲೆಕ್ಕದ ದಾರಿ ಹೇಳಿಕೊಟ್ಟದ್ದು. "ಎರಡೂವರೆ ಅಂತ ಬಿಡಿಬಿಡಿಯಾಗಿ ಇಟ್ಕೋಬೇಡಿ. ಎಲ್ಲಾನೂ ಅರ್ಧ ಮಾಡ್ಬಿಡಿ. ಎರಡೂವರೆ ಅಂದ್ರೆ ಐದು ಅರ್ಧ, ಮೂರೂವರೆ ಅಂದ್ರೆ ಏಳು ಅರ್ಧ. ಐದೇಳ್ಲಿ ಮೂವತ್ತೈದು. ಅರ್ಧದಲ್ಲಿ ಅರ್ಧ ಕಾಲು ಅಲ್ವಾ? ಹಂಗಾದ್ರೆ ಮೂವತ್ತೈದು ಕಾಲು. ನಾಲ್ಕರಿಂದ ಭಾಗಿಸಿದ್ರೆ ಎಂಟೂಮುಕ್ಕಾಲು, ತಗೊಳ್ಳಿ."

"ಮೇಲೆ ಏಳು, ಕೆಳಗೆ ಎರಡು!" ಎಂದು ಅವನು ಪೆನ್ಸಿಲಿನಲ್ಲಿ ಬರೆದ ಏಳು ಅರ್ಧವನ್ನು ನೋಡಿ ಅತ್ತೆ ಕಣ್ಣರಳಿಸಿದಳು. "ಚಿಕ್ಕ ಮಣೆ ಮೇಲೆ ದೊಡ್ಡ ಆಳು ಕೂತ ಹಾಗಿದೆ. ನಿಮ್ಮ ಹಾಗೇ."

"ಕೊನೆಗೆ ಭಾಗಿಸೋದು ಮಾತ್ರ ಮರೀಬಾರದು ನೋಡಿ. ನಮ್ಮಪ್ಪ ಒಂದ್ಸಲ ಮರೆತು, ಒಂದು ಮಂಚಕ್ಕೆ ಅಂತ ತಂದ ಮರದಲ್ಲಿ ದೋಣಿ ಮಾಡ್ಬಹುದಿತ್ತು."

ಯಜಮಾನರು ಇದನ್ನೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಕೇಳಿಸಿಕೊಳ್ಳುತ್ತಿದ್ದರು. ಹಳೆಯ ಕಾಲದ ಮಗ್ಗಿ ಕಲಿತವರು ಅವರು. ಕಾಲು, ಅರೆಕಾಲು, ವೀಸ ಎಲ್ಲ ನಾಲಿಗೆಯ ತುದಿಯಲ್ಲಿ. ಒಂದನ್ನು ಹದಿನಾರು ಪಾಲು ಮಾಡಿದರೆ ಅದರಲ್ಲೊಂದು ಪಾಲು ವೀಸ. ಒಂದು ಸಂಜೆ ಬಡಗಿ ಹೋದ ಮೇಲೆ ಅವರು ಗಡ್ಡ ಕೆರೆದುಕೊಂಡು ಅತ್ತೆಯನ್ನು ಕರೆದರು.

"ಲೇ ಮುಕ್ಕಾಲು, ನಿನ್ನನ್ನ ಅವನಿಂದ ಗುಣಿಸಿದ್ರೆ ಎಷ್ಟಾಗುತ್ತೆ ಗೊತ್ತೇನೇ? ಮುಕ್ಕಾಲು ಒಂದೂಕಾಲ್ಲಿ ಹದಿನೈದು ವೀಸ. ಒಂದಕ್ಕೆ ಒಂದೇ ಒಂದು ವೀಸ ಕಮ್ಮಿ!"

"ಆ ಒಂದು ವೀಸ ಎಲ್ಲೋಯ್ತು?"

"ಜಗಳಕ್ಕೆ ಇಟ್ಕೊಳ್ಳಿ. ಸಂಸಾರದಲ್ಲಿ ಅಷ್ಟಾದ್ರೂ ಬೇಡ್ವಾ?"

ಅತ್ತೆ ಆ ದಿನ ಮನೆಗೆ ಬಂದು, ಕಾರಣ ಹೇಳದೆ, ಊಟದ ತಟ್ಟೆಯ ಮುಂದೆ ನಗುತ್ತ ಕೂತಿದ್ದಳಂತೆ. ಅಜ್ಜಿಗೆ ಆಗಲೇ ಅರ್ಥವಾಗಿತ್ತು.

ಅದೇ ಹೊತ್ತಿಗೆ ನದಿಯ ಮೇಲೆ ಹೊಸ ಸೇತುವೆ ಮುಗಿದಿತ್ತು. ಅದನ್ನು ತೆರೆಯುವ ದಿನ ಸಂಜೆ ಈ ದಡದಿಂದ ಆ ದಡಕ್ಕೆ ನಡೆದುಹೋಗುವ ಪ್ರತಿಯೊಬ್ಬರ ಕೈಗೂ ಒಂದು ಬನ್ನು ಕೊಡುತ್ತೇನೆಂದು ಯಜಮಾನರು ಹುರುಪಿನಲ್ಲಿ ಒಪ್ಪಿಕೊಂಡುಬಿಟ್ಟರು. ಮೂರೂವರೆ ತೊಟ್ಟಿ ಹಿಟ್ಟು ಬೇಕಾಗುತ್ತಿತ್ತು. ಬೇಕರಿಯ ಜನ್ಮದಲ್ಲೇ ಒಂದೇ ಸಲಕ್ಕೆ ಅಷ್ಟು ಕಲಸಿದ್ದಿಲ್ಲ. ಕೋಣೆಯ ನಡುವೆ ತೊಟ್ಟಿಗಳನ್ನೆಲ್ಲ ಸಾಲಾಗಿ ಜೋಡಿಸಿದರು. ಬೆಳಗ್ಗೆ ಮೈದಾ, ಉಪ್ಪು, ಸಕ್ಕರೆ ಎಲ್ಲ ಸರಿಯಾಗಿ ಬಿದ್ದವು. ಉಳಿದದ್ದು ಈಸ್ಟ್. ಒಂದು ತೊಟ್ಟಿಗೆ ಎರಡೂಕಾಲು ಚಮಚ.

ಅತ್ತೆ ತನ್ನ ಹಳೆಯ ದಾರಿ ಬಿಟ್ಟು, ಬಡಗಿ ಕಲಿಸಿದ ಹೊಸ ದಾರಿ ಹಿಡಿದಳು. ಪ್ರೀತಿ ಬಂದಾಗ ಹಾಗೆಯೇ. ಸೀದಾ ದಾರಿ ರುಚಿಸುವುದಿಲ್ಲ. ಎರಡೂಕಾಲು ಅಂದರೆ ಒಂಬತ್ತು ಕಾಲು. ಮೂರೂವರೆ ಅಂದರೆ ಏಳು ಅರ್ಧ. ಒಂಬತ್ತೇಳ್ಲಿ ಅರವತ್ತಮೂರು. ಕಾಲಿನಲ್ಲಿ ಅರ್ಧ ಅಂದರೆ ಎಂಟನೇ ಒಂದು. ಇನ್ನು ಅರವತ್ತಮೂರನ್ನು ಎಂಟರಿಂದ ಭಾಗಿಸಿದರೆ ಆಯಿತು. ಮರೆಯದಿರಲೆಂದು "ಅರವತ್ತಮೂರು, ಅರವತ್ತಮೂರು" ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಚಮಚ ತೆಗೆದುಕೊಳ್ಳುವಷ್ಟರಲ್ಲಿ ಕಿಟಕಿಯಲ್ಲಿ ಬಡಗಿ ಬಗ್ಗಿದ.

ಅವನು ಒಗೆದ ಅಂಗಿ ಹಾಕಿದ್ದ. ತಲೆ ಬಾಚಿದ್ದ. ಕಿವಿಯ ಮೇಲಿನ ಪೆನ್ಸಿಲ್ ಮಾತ್ರ ಹಾಗೇ ಇತ್ತು.

"ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು."

"ಅರವತ್ತಮೂರು" ಎಂದಳು ಅತ್ತೆ, ತಲೆಯಾಡಿಸುತ್ತ, ಕೇಳಿ ಎನ್ನುವಂತೆ.

"ನನ್ನನ್ನ ಮದುವೆ ಆಗ್ತೀರಾ?"

ಅತ್ತೆಯ ಕಣ್ಣಿಗೆ ಇಡೀ ಬೇಕರಿ ಒಮ್ಮೆ ಗಿರ್ರನೆ ಸುತ್ತಿತು. ಹೌದು ಅನ್ನಬೇಕು. ಆದರೆ ಬಾಯಿ ತುಂಬ ಬೇರೆ ಏನೋ ಇತ್ತು; ಬಾಯಿ ತೆರೆದಾಗ ಅದೇ ಹೊರಗೆ ಬಂತು.

"ಅರವತ್ತಮೂರು!"

ಬಡಗಿ ತಬ್ಬಿಬ್ಬಾದ. ಒಳಗಿನಿಂದ ಯಜಮಾನರು, "ಈಸ್ಟ್ ಹಾಕಿದ್ಯೇನೇ?" ಎಂದು ಕೂಗಿದರು. ಅವನು ಕಿಟಕಿಯಿಂದ ತಲೆ ಹಿಂದಕ್ಕೆಳೆಯುವಾಗ ಚೌಕಟ್ಟಿಗೆ ಬಡಿಸಿಕೊಂಡು, ಹಣೆ ಉಜ್ಜುತ್ತ ಮನೆಯ ದಾರಿ ಹಿಡಿದ.

ಅತ್ತೆ ತೇಲುತ್ತ ತೊಟ್ಟಿಯ ಹತ್ತಿರ ಬಂದಳು. ಅವನು ಕೇಳಿದ್ದನ್ನು ನೆನೆದು ಒಂದು ಚಮಚ, ಮತ್ತೆ ನೆನೆದು ಇನ್ನೊಂದು ಚಮಚ. ಎಣಿಕೆ ತಪ್ಪಲಿಲ್ಲ. ಸರಿಯಾಗಿ ಅರವತ್ತಮೂರು ಚಮಚ ಈಸ್ಟ್ ಹಾಕಿ, ಎಲ್ಲರೂ ಸೇರಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ, ಬಿಸಿ ಒಲೆಯ ಪಕ್ಕಕ್ಕೆ ತೊಟ್ಟಿಗಳನ್ನು ಸರಿಸಿದರು.

ಅತ್ತ ಬಡಗಿಯ ಮನೆಯಲ್ಲಿ ಅವನ ತಾಯಿ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ಲು?"

"ಅರವತ್ತಮೂರು ಅಂದ್ಲು."

"ಅರವತ್ತಮೂರು ಏನು?"

"ಅಷ್ಟೇ ಹೇಳಿದ್ದು. ಎರಡು ಸಲ."

ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಆ ವಯಸ್ಸಿಗೆ ಮದುವೆ ಆಗ್ತೀನಿ ಅಂತಿರ್ಬೇಕು ಕಣೋ. ಅಷ್ಟು ಹೊತ್ತಿಗೆ ನನಗೆ ಎಷ್ಟಾಗಿರುತ್ತೆ?"

"ಕಾಯ್ತೀನಿ ಬಿಡಮ್ಮ" ಎಂದು ಅವನು ಅಂಗಳದಲ್ಲಿ ಒಂದು ಹಲಗೆಯನ್ನು ಹೆರೆಯತೊಡಗಿದ. ಹೆರೆದು ಹೆರೆದು ಅದು ಕಾಗದದಷ್ಟು ತೆಳ್ಳಗಾಗುವ ಹೊತ್ತಿಗೆ ಬೀದಿಯ ಕೊನೆಯಿಂದ ಕೂಗು ಕೇಳಿಸಿತು.

ಬೇಕರಿಯಲ್ಲಿ ಮೊದಲು ನೋಡಿದವರು ಯಜಮಾನರು. ತೊಟ್ಟಿಯ ಮೇಲಿನ ಒದ್ದೆ ಬಟ್ಟೆ ಯಾರೋ ಒಳಗಿಂದ ಎದ್ದು ಕೂರುತ್ತಿರುವ ಹಾಗೆ ಮೇಲೆದ್ದಿತು. ಆಮೇಲೆ ಎರಡನೆಯದರ ಬಟ್ಟೆ. ಹಿಟ್ಟು ಅಂಚು ದಾಟಿ, ಹೊಟ್ಟೆ ಇಳಿಬಿಟ್ಟು, ಒಂದು ನಿಟ್ಟುಸಿರು ಬಿಟ್ಟು ನೆಲಕ್ಕಿಳಿಯಿತು. ಅತ್ತೆ ಗುದ್ದಿದಳು, ಗುದ್ದಿದ ಕಡೆ ತಗ್ಗಿ ಪಕ್ಕದಲ್ಲಿ ಎದ್ದಿತು. ಎರಡು ಕೈ ಹಾಕಿ ತಳ್ಳಿದಳು. ಹಿಟ್ಟು ಅವಳನ್ನು ಮೊಣಕೈವರೆಗೂ ಹಿಡಿದುಕೊಂಡು ಬಿಡಲಿಲ್ಲ. ನೋಡನೋಡುತ್ತ ಅದು ಮೇಜಿನ ಕಾಲುಗಳನ್ನು ಬಳಸಿ, ಹೊಸ್ತಿಲಿಗೆ ಬಂದು, ಯಾರಾದರೂ ಬರುತ್ತಾರೋ ಎಂದು ನೋಡುವ ಹಾಗೆ ಒಂದು ಕ್ಷಣ ನಿಂತು, ಬೀದಿಗೆ ಕಾಲಿಟ್ಟಿತು.

"ನನ್ನ ಮಾನ ಬೀದಿಗೆ ಬಂತಲ್ಲೇ!" ಎಂದು ಯಜಮಾನರು ತಲೆಯ ಮೇಲೆ ಕೈ ಹೊತ್ತರು.

"ಮಾನ ಒಳಗೇ ಇದೆ, ಹಿಟ್ಟು ಮಾತ್ರ ಬಂದಿದೆ" ಎಂದರು ಎದುರಿನ ಹಿಟ್ಟಿನ ಗಿರಣಿಯ ಒಡತಿ, ತಮ್ಮ ಬಾಗಿಲಲ್ಲಿ ನಿಂತು. ಗಿರಣಿಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಅವರು ಗಟ್ಟಿ ಹೆಂಗಸು, ಯಾವುದಕ್ಕೂ ಜಗ್ಗುವವರಲ್ಲ.

ಬಡಗಿ ಎರಡು ಉದ್ದನೆಯ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಓಡಿ ಬಂದ. ಒಂದನ್ನು ಹೊಸ್ತಿಲಿಗೆ ಅಡ್ಡ ನಿಲ್ಲಿಸಿ ಒಡ್ಡು ಕಟ್ಟಿದ. ಇನ್ನೊಂದರಿಂದ ಬೀದಿಗಿಳಿದ ಹಿಟ್ಟನ್ನು ಮೆಲ್ಲಗೆ ಎತ್ತಿ, ಗಿರಣಿಯಮ್ಮ ಹಾಸಿದ ಶುಭ್ರವಾದ ಬಟ್ಟೆಯ ಮೇಲೆ ಉರುಳಿಸಿದ. ಆಮೇಲೆ ಒಡ್ಡು ದಾಟಿ ಒಳಗೆ ಬಂದು, ಅತ್ತೆಯ ತೋಳುಗಳನ್ನು ಹಿಟ್ಟಿನಿಂದ ಬಿಡಿಸಿದ.

"ಎಷ್ಟು ಹಾಕಿದ್ರಿ ಈಸ್ಟ್?"

"ಅರವತ್ತಮೂ..." ಎಂದವಳು ಅಲ್ಲೇ ನಿಂತಳು. ಕಣ್ಣು ದೊಡ್ಡವಾದವು. "ಅಯ್ಯೋ! ಎಂಟರಿಂದ ಭಾಗಿಸ್ಲೇ ಇಲ್ಲ ನಾನು! ಎಂಟಕ್ಕೆ ಅರೆಕಾಲು ಕಮ್ಮಿ ಸಾಕಿತ್ತು!"

ಅರೆಕಾಲು ಎಂದರೆ ಕಾಲಿನಲ್ಲಿ ಅರ್ಧ. ಎಂಟು ಚಮಚ ಕೂಡ ತುಂಬದ ಕಡೆ ಅರವತ್ತಮೂರು ಬಿದ್ದಿತ್ತು.

ಬಡಗಿಯ ಮುಖದಲ್ಲಿ ನಿಧಾನಕ್ಕೆ ಬೆಳಕಾಯಿತು. "ಅಂದ್ರೆ ಕಿಟಕೀಲಿ ನನಗೆ ಹೇಳಿದ ಅರವತ್ತಮೂರು..."

"ಅದು ಈಸ್ಟು!"

"ಹಂಗಾದ್ರೆ ನಾನು ಕೇಳಿದ್ದಕ್ಕೆ ಉತ್ತರ?"

"ಹೌದು ಅಂತ! ಭಾಗಿಸೋದೇನೂ ಬೇಡ, ಪೂರ್ತಿ ಹೌದು!"

ಹೀಗೆ ಹೇಳಿ ಅತ್ತೆ ನಗತೊಡಗಿದಳು. ಹಿಡಿದುಕೊಳ್ಳಲು ಕಂಬ ಸಿಗಲಿಲ್ಲ. ಹಿಟ್ಟಿನ ಮೇಲೆಯೇ ಕೂತಳು. ಹಿಟ್ಟು ಅವಳನ್ನು ಮೆಲ್ಲಗೆ ಮೇಲೆತ್ತಿತು. ಮುಕ್ಕಾಲು ಇದ್ದವಳು ಆ ಹೊತ್ತು ಒಂದಾಗಿದ್ದಳು ಎಂದು ಗಿರಣಿಯಮ್ಮ ಬದುಕಿರುವವರೆಗೂ ಹೇಳುತ್ತಿದ್ದರು.

"ನಿಮ್ಮ ಮದುವೆ ಆಮೇಲೆ ಮಾಡೋಣ" ಎಂದು ಯಜಮಾನರು ಗೋಗರೆದರು. "ಸಂಜೆ ಬನ್ನಿಗೇನು ಮಾಡ್ಲಿ? ಇದನ್ನ ಹೀಗೇ ಸುಟ್ಟರೆ ಹುಳಿ ನಾತ, ಬಾಯಿಗಿಡೋಕಾಗಲ್ಲ."

ಅತ್ತೆ ಹಿಟ್ಟಿನ ಗದ್ದುಗೆಯಿಂದಲೇ ಯೋಚಿಸಿದಳು. ಎಂಟು ಪಟ್ಟು ಈಸ್ಟ್ ಬಿದ್ದಿದೆ. ಭಾಗಿಸುವುದು ತಲೆಯಲ್ಲಿ ತಪ್ಪಿತು. ಈಗ ಕೈಯಲ್ಲಿ ಮಾಡಿದರಾಯಿತು.

"ಯಜಮಾನ್ರೇ, ಈ ಹುಚ್ಚು ಹಿಟ್ಟು ಒಂದು ಪಾಲಿಗೆ ಏಳು ಪಾಲು ಜಾಣ ಹಿಟ್ಟು ಸೇರಿಸಿದ್ರೆ ಎಂಟು ಪಾಲೂ ಸರಿಹೋಗುತ್ತೆ. ಈಸ್ಟ್ ಇಲ್ಲದ ಹೊಸ ಹಿಟ್ಟು ಕಲಸ್ಬೇಕು, ಅಷ್ಟೇ."

"ಏಳು ಪಾಲಾ? ಅಷ್ಟು ಕಲಸೋಕೆ ತೊಟ್ಟಿ ಎಲ್ಲಿದೆ, ಕೈ ಎಲ್ಲಿದೆ, ಮೈದಾ ಎಲ್ಲಿದೆ?"

"ಮೈದಾ ಇಲ್ಲಿದೆ" ಎಂದು ಗಿರಣಿಯಮ್ಮ ತಮ್ಮ ಉಗ್ರಾಣದ ಎರಡೂ ಬಾಗಿಲು ತೆರೆದರು. "ಕೈ ಬೀದಿ ತುಂಬ ಇದೆ. ಸುಮ್ನೆ ನಿಂತು ನೋಡ್ತಿದ್ದಾರಲ್ಲ, ಇವರಿಗೆಲ್ಲ ಇರೋದು ಕೈ ಅಲ್ದೆ ಇನ್ನೇನು?"

ಅಲ್ಲಿಂದ ಆ ಬೀದಿಯಲ್ಲಿ ನಡೆದದ್ದನ್ನು ಅಪ್ಪ ಹೇಳುವಾಗ ಕೂತಲ್ಲಿ ಕೂರುತ್ತಿರಲಿಲ್ಲ, ಎದ್ದು ಕೈಕಾಲು ಆಡಿಸಿ ತೋರಿಸುತ್ತಿದ್ದರು. ಮನೆಮನೆಯಿಂದ ಕೊಳಗ, ಬೋಗುಣಿ, ಮಗುವಿಗೆ ಸ್ನಾನ ಮಾಡಿಸುವ ಬೇಸಿನ್ನು ಎಲ್ಲ ತೊಳೆದು ಹೊರಗೆ ಬಂದವು. ಮೆಟ್ಟಿಲ ಮೇಲೆ, ಜಗಲಿಯ ಮೇಲೆ, ಕಿಟಕಿಯ ಹಲಗೆಯ ಮೇಲೆ ಜನ ಕೂತು ಕಲಸಿದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದು ತೋಳು ಮಡಿಚಿದರು. ಡ್ರೈವರೂ ಬಂದ. ಅತ್ತೆ ಬಡಗಿಯ ಹೆಗಲೇರಿ ಕೂತು, "ಒಂದು ಹಿಡಿ ಹುಚ್ಚು, ಏಳು ಹಿಡಿ ಜಾಣ! ಒಂದಕ್ಕೆ ಏಳು! ಯಾರೂ ಕಮ್ಮಿ ಮಾಡ್ಬೇಡಿ!" ಎಂದು ಬೀದಿಯ ಉದ್ದಕ್ಕೂ ಕೂಗುತ್ತ ಹೋದಳು. ಮುಕ್ಕಾಲೂ ಒಂದೂಕಾಲೂ ಸೇರಿ ಎರಡಾಗಿದ್ದರು. ಎಲ್ಲರ ತಲೆಯ ಮೇಲಿಂದ ಅವಳಿಗೆ ನದಿಯವರೆಗೂ ಕಾಣುತ್ತಿತ್ತು.

"ಏನಮ್ಮ, ನನ್ನದು ಹುಚ್ಚಾ ಜಾಣವಾ?" ಎಂದು ಒಬ್ಬ ಮುದುಕ ತನ್ನ ಬೋಗುಣಿ ಎತ್ತಿ ತೋರಿಸಿದ.

"ಹಿಟ್ಟು ಜಾಣ, ತಾತ. ನೀವು ಹುಚ್ಚು!"

ಬೇಕರಿಯ ಒಲೆ ಒಂದೇ ಸಾಲಲಿಲ್ಲ. ಶಾಲೆಯ ಅಡಿಗೆಮನೆ, ಆಸ್ಪತ್ರೆಯ ಅಡಿಗೆಮನೆ, ಮನೆಮನೆಯ ಒಲೆಗಳು ಎಲ್ಲ ಉರಿದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಊರಿಗೆ ಊರೇ ಬನ್ನಿನ ಘಮ ಹೊದ್ದು ಕೂತಿತ್ತು. ದುಂಡನೆಯ ಬನ್ನು, ಚಪ್ಪಟೆ ಬನ್ನು, ಪಾತ್ರೆಯ ಆಕಾರಕ್ಕೆ ಬಂದ ಬನ್ನು, ಯಾರದೋ ಮಗು ಬೆರಳಿಂದ ಕಣ್ಣು ಮೂಗು ಬರೆದ ಬನ್ನು. ಯಜಮಾನರು ಒಂದನ್ನು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಂತರು. ಬೀದಿ ಉಸಿರು ಹಿಡಿಯಿತು. "ನನ್ನ ಬೇಕರಿದಕ್ಕಿಂತ ಚೆ..." ಎಂದು ಶುರು ಮಾಡಿ, ತಿದ್ದಿಕೊಂಡು, "ಪರವಾಗಿಲ್ಲ" ಎಂದರು.

ಸೇತುವೆಯ ಮೇಲೆ ಒಬ್ಬೊಬ್ಬರ ಎರಡೂ ಕೈಯಲ್ಲಿ ಬನ್ನು. ಆ ದಡಕ್ಕೆ ಹೋದವರು ಮತ್ತೆ ಈ ದಡಕ್ಕೆ ಬಂದು ಇನ್ನೆರಡು ತೆಗೆದುಕೊಂಡು ಮತ್ತೆ ಹೋದರು. ಭಾಷಣ ಮಾಡಲು ಬಂದವರಿಗೆ ಬಾಯಿ ತುಂಬಿದ್ದರಿಂದ ಭಾಷಣವಾಗಲಿಲ್ಲ. ಮಿಕ್ಕಿದ್ದನ್ನು ಮೀನುಗಳಿಗೆ ಎಸೆದರು. ಅತ್ತೆಯೂ ಬಡಗಿಯೂ ನಡುಸೇತುವೆಯಲ್ಲಿ ನಿಂತು ಒಂದೇ ಬನ್ನನ್ನು ಅರ್ಧ ಮಾಡಿಕೊಂಡು ತಿಂದರು. ಕೂದಲು, ಹುಬ್ಬು, ಕಿವಿಯ ಹಿಂದೆ ಎಲ್ಲ ಹಿಟ್ಟು. ಬಡಗಿಯ ತಾಯಿ ಅಲ್ಲಿಗೆ ಬಂದು ಸೊಸೆಯಾಗುವವಳನ್ನು ಮೇಲಿಂದ ಕೆಳಗೆ ನೋಡಿ, "ಅರವತ್ತಮೂರಕ್ಕೇ ಆಗ್ಬೇಕಾ, ಸ್ವಲ್ಪ ಮುಂಚೆ ಆಗುತ್ತಾ?" ಎಂದು ಕೇಳಿದರಂತೆ.

ಮುಂಚೆಯೇ ಆಯಿತು. ನನಗೆ ಮಾವನಾದ ಆ ಬಡಗಿಯ ಮನೆಯಲ್ಲಿ ಎಲ್ಲವೂ ಎರಡೆರಡು ಎತ್ತರಕ್ಕೆ ಬದಲಾಯಿತು. ಒಂದು ಕಪಾಟು ಅತ್ತೆಯ ಕೈಗೆ, ಒಂದು ಕಪಾಟು ಮಾವನ ಕೈಗೆ, ಕನ್ನಡಿಗಳೂ ಎರಡು. ಮಗಳು ಹುಟ್ಟಿ ಬೆಳೆದು ಸರಿಯಾಗಿ ನಡುವಿನ ಎತ್ತರಕ್ಕೆ ಬಂದು ನಿಂತಾಗ ಯಾವ ಕನ್ನಡಿಯಲ್ಲೂ ಅವಳ ಮುಖ ಕಾಣುತ್ತಿರಲಿಲ್ಲ. "ನನ್ನನ್ನ ಯಾರೂ ಅಳತೆಗೆ ತಗೊಂಡಿಲ್ಲ ಈ ಮನೇಲಿ" ಎಂದು ಅವಳ ದೂರು ಇಂದಿಗೂ ನಿಂತಿಲ್ಲ.

ಯಜಮಾನರಿಗೆ ವಯಸ್ಸಾದಾಗ ಬೇಕರಿಯನ್ನು ಅತ್ತೆಯ ಕೈಗೊಪ್ಪಿಸಿದರು. ಶಾಲೆ ಬಿಟ್ಟ ಮಕ್ಕಳು ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದರು, ಅವಳು ಮೊದಲು ಟ್ರೇಯಲ್ಲಿ ಕೇಕು ಇಟ್ಟು, ಚಾಕು ಕೊಟ್ಟು, "ಮೂರನೇ ಎರಡರಲ್ಲಿ ಮುಕ್ಕಾಲು ಎಷ್ಟು, ಕತ್ತರಿಸಿ ತೋರ್ಸು. ಸರಿಯಾದ್ರೆ ಅದು ನಿನ್ನದು" ಎನ್ನುತ್ತಿದ್ದಳು. ನಾನೂ ಹಾಗೆಯೇ ಕಲಿತವನು. ಉತ್ತರ ಅರ್ಧ ಕೇಕು ಎಂದು ತಿಳಿದ ದಿನ ನನಗಾದ ಸಂತೋಷ ಮುಂದೆ ಪದವಿ ಪಡೆದ ದಿನವೂ ಆಗಲಿಲ್ಲ.

ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಆಗ ಒಂದು ಚಳಿಗಾಲವಿಡೀ ಅತ್ತೆ ನಗಲಿಲ್ಲ. ಹಿಟ್ಟು ಕಲಸುವಾಗ ಹಾಡಲಿಲ್ಲ. ಬೇಕರಿಗೆ ಬಂದವರು ಮೆಲ್ಲಗೆ ಮಾತಾಡಿ ಹೋಗುತ್ತಿದ್ದರು. ಒಂದು ಬೆಳಗ್ಗೆ ಬೇಕರಿಯ ಮೇಲಿನ ಮಹಡಿಯಲ್ಲಿ ದಡಬಡ ಸದ್ದಾಗಿ ಚಾವಣಿಯಿಂದ ಸುಣ್ಣ ಉದುರಿತು. ಅಲ್ಲಿ ಯಾರೋ ಹೊಸದಾಗಿ ಕುಣಿತದ ತರಗತಿ ಶುರು ಮಾಡಿದ್ದರು. ಬೈಯಲೆಂದು ಮೆಟ್ಟಿಲು ಹತ್ತಿದ ಅತ್ತೆ, ಹೆಸರು ಬರೆಸಿ ಕೆಳಗಿಳಿದಳು.

ಮೊನ್ನೆ ಅವಳನ್ನು ಕರೆದುಕೊಂಡು ಬರಲು ನಾನು ಮೇಲೆ ಹೋದಾಗ ತರಗತಿ ಇನ್ನೂ ನಡೆಯುತ್ತಿತ್ತು. ಗಿಡ್ಡ ಎಂದು ಅವಳನ್ನು ಮುಂದಿನ ಸಾಲಿನಲ್ಲಿ, ಬಲತುದಿಗೆ, ಬಾಗಿಲ ಕಡೆ ನಿಲ್ಲಿಸಿದ್ದರು. ಕಲಿಸುವವಳು ಎಳೆಯ ಹುಡುಗಿ.

"ಬಲಕ್ಕೆ ಒಂದೂವರೆ ಹೆಜ್ಜೆ, ಮೂರು ಸಲ. ಆಮೇಲೆ ಎರಡೂ ಪಾದ ಜೋಡಿಸಿ ನಿಲ್ಲಿ."

ಅತ್ತೆ ಕೈ ಎತ್ತಿದಳು. "ಟೀಚರ್, ಒಂದೂವರೆ ಮೂರ್ಲಿ ನಾಲ್ಕೂವರೆ. ಪಾದ ಜೋಡಿಸೋದು ಹೇಗೆ? ಅರ್ಧ ಹೆಜ್ಜೆ ಗಾಳೀಲಿ ಇರುತ್ತಲ್ಲ?"

ಹುಡುಗಿ ತಾನೇ ಹೆಜ್ಜೆಯಿಟ್ಟು ನೋಡಿದಳು. ಕೊನೆಗೆ ಒಂದು ಪಾದ ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಳು. "ಹೌದಲ್ಲ ಅಮ್ಮ! ಹಾಗಾದ್ರೆ ಏನು ಮಾಡೋಣ?"

"ನಾಲ್ಕು ಸಲ ಮಾಡ್ಸಿ. ಆರು ಪೂರ್ತಿ."

ಸಂಗೀತ ಹಚ್ಚಿದರು. ಸಾಲು ಬಲಕ್ಕೆ ಹೊರಟಿತು. ಅತ್ತೆ ನಿಂತಲ್ಲಿಂದ ಬಾಗಿಲಿಗೆ ಐದೇ ಹೆಜ್ಜೆ ಎಂಬುದನ್ನು ಯಾರೂ ಅಳೆದಿರಲಿಲ್ಲ. ಆರನೆಯ ಹೆಜ್ಜೆಗೆ ಅತ್ತೆ ಬಾಗಿಲು ದಾಟಿ ಹೊರಗೆ, ನಾನು ನಿಂತಿದ್ದ ಮೆಟ್ಟಿಲ ಮೇಲಿದ್ದಳು. ಸಂಗೀತ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನನ್ನ ಎರಡೂ ಕೈ ಹಿಡಿದುಕೊಂಡು ಅಲ್ಲಿಯೇ ಕುಣಿಯತೊಡಗಿದಳು.